ಕುದುರೆಯವನು ಮನೆಗೆ ಬರೂತನಕ

ನಾನು ದಿನವೂ ಹತ್ತುವ ಬಸ್ಸು ಕೊಲ್ಹಾಪುರದ ಬೆಲ್ಲದ ಪೇಟೆಯನ್ನು ಹಾದು ಶಿರೋಳಿಗೆ ಹೋಗುತ್ತದೆ. ಪೇಟೆ ಬರುವ ಮುಂಚೆ ನಾನು ಕಿಟಕಿ ಮುಚ್ಚುತ್ತೇನೆ. ಪಕ್ಕದಲ್ಲಿ ಕೂತವರು ಧೂಳಿಗೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಹೋದ ವಾರ ಗಾಜು ಸಿಕ್ಕಿಹಾಕಿಕೊಂಡು ಜಪ್ಪಯ್ಯ ಅಂದರೂ ಸರಿಯಲಿಲ್ಲ. ಹೊಸ ಬೆಲ್ಲದ ವಾಸನೆ ಒಳಗೆ ನುಗ್ಗಿತು. ಅದರ ಹಿಂದೆಯೇ ನಮ್ಮ ಕಾಕು... ಎರಡು ಬೆರಳಿನಿಂದ ಪುಸ್ತಕದ ಹಾಳೆಗಳನ್ನು ಹಿಡಿದು ನೋಡುತ್ತ, "ಇನ್ನ ಎಷ್ಟ ಉಳದದ ತಂಗಿ?" ಅಂದ ಹಾಗಾಯಿತು. ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ.

ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಪ್ಪನ ಹೆಂಡತಿ, ಆದರೆ ಇವರು ನಮಗೆ ಸಂಬಂಧಿಕರಲ್ಲ. ಗಡಿಯ ಊರಾದ ಗಡಹಿಂಗ್ಲಜದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅಷ್ಟೇ. ಅವರು ಜೈನರು, ತವರು ನಾಂದಣಿ. ತವರಿನಲ್ಲಿ ಕಬ್ಬಿನ ಹೊಲವಿತ್ತು, ವರ್ಷಕ್ಕೊಮ್ಮೆ ಅಲ್ಲಿಂದ ಬೆಲ್ಲದ ಪೆಂಟಿ, ಅಂದರೆ ದೊಡ್ಡ ಅಚ್ಚು, ಬರುತ್ತಿತ್ತು. ಅದು ಬಂದ ದಿನ ಕಾಕು ಯಾರಿಗೂ ಕೊಡದೆ ಮೊದಲು ತಾವೇ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದರು. "ಹಿಂಗ ಕಣ್ ಮುಚ್ಚಿದ್ರ ನಮ್ಮವ್ವನ ಅಡಗಿ ಮನಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

ಕನ್ನಡ, ಮರಾಠಿ ಎರಡನ್ನೂ ಗಡಗಡ ಓದುತ್ತಿದ್ದ ಹೆಂಗಸು. ಐವತ್ತು ದಾಟಿದ ಮೇಲೆ ಕಣ್ಣಿನ ನರ ಸೊರಗಿ ಅಕ್ಷರ ಕಾಣದಾಯಿತು. ನಾನು ಆಗ ಹನ್ನೆರಡನೆಯ ತರಗತಿಯಲ್ಲಿದ್ದೆ. ಇಚಲಕರಂಜಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಚಿಕ್ಕಮ್ಮನ ಮಗ ಒಂದು ದೊಡ್ಡ ಇಂಗ್ಲಿಷ್ ಕಾದಂಬರಿಯ ಸಂಪುಟಗಳನ್ನು ಒಂದೊಂದಾಗಿ ತಂದುಕೊಡುತ್ತಿದ್ದ. ಆರು ಸಂಪುಟ, ತಲೆದಿಂಬಿನಷ್ಟು ದಪ್ಪ. ಯಾವುದೋ ಇಲ್ಲದ ದೇಶ, ನಾಲ್ಕು ರಾಜ್ಯ, ಬೆಂಕಿ ಉಗುಳುವ ಹಕ್ಕಿ, ಮುಗಿಯದ ಯುದ್ಧ. ಸಂಜೆ ನಾಲ್ಕಕ್ಕೆ ನಾನು ಇಂಗ್ಲಿಷಿನಲ್ಲಿ ಓದಿಕೊಂಡು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದೆ. ಜೈನರಾದ್ದರಿಂದ ಕಾಕು ಹೊತ್ತು ಮುಳುಗುವ ಮುಂಚೆ ಉಣ್ಣಬೇಕು, ಅಲ್ಲಿಯವರೆಗೆ ಕತೆ. ಎದ್ದೇಳುವ ಮುಂಚೆ ಪುಸ್ತಕ ಕೈಗೆ ತೆಗೆದುಕೊಂಡು ಉಳಿದ ಹಾಳೆಗಳನ್ನು ಬೆರಳಲ್ಲಿ ಹಿಡಿದು ಅಳೆಯುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ಬೆರಳಿಗೆ ಕೇಳುವುದು ಅವರ ಪದ್ಧತಿ.

ರಾಜರ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ. ಹಾವಿನ ಕಿರೀಟದ ರಾಜನ ಸುದ್ದಿ ಬಂದರೆ, "ಇಷ್ಟ ಮಂದೀನ ಕೊಂದು ಗಾದಿ ಮ್ಯಾಲ ಕುಂತ್ರ ನಿದ್ದಿ ಬರತದೇನ ಅವಂಗ?" ಅನ್ನುತ್ತಿದ್ದರು. ಅವರ ಜೀವವೆಲ್ಲ ಇದ್ದದ್ದು ಒಬ್ಬ ಕುದುರೆಯವನ ಮೇಲೆ. ತಾಯಿಗೆ "ಬರ್ತೀನಿ" ಎಂದು ಹೇಳಿ ಸೈನ್ಯದ ಬೆನ್ನು ಹತ್ತಿ ಹೋದವನು. ಎರಡು ಮೂರು ಅಧ್ಯಾಯಕ್ಕೊಮ್ಮೆ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತಿದ್ದ. ಕುದುರೆಗಳಿಗೆ ಮೇವು ಹಾಕದೆ ತಾನು ಉಣ್ಣುತ್ತಿರಲಿಲ್ಲ. ಅದೊಂದೇ ಮಾತಿಗೆ ಕಾಕು ಸೋತುಹೋದರು. "ರಾಜ ಸತ್ರ ಅಳಾಕ ಊರೆಲ್ಲಾ ಅದ. ಇಂವಗ ಯಾರದಾರ?" ಅಂದರು.

ಐದನೆಯ ಸಂಪುಟದ ಹೊತ್ತಿಗೆ ಚಾತುರ್ಮಾಸ ಬಂತು. ಆ ನಾಲ್ಕು ತಿಂಗಳು ಜೈನರು ಯಾವುದಾದರೊಂದು ರುಚಿ ಬಿಡುತ್ತಾರೆ. ಉಪ್ಪು, ತುಪ್ಪ, ಸಿಹಿ, ಅವರವರ ಶಕ್ತಿ. ಕಾಕು ನಾಂದಣಿ ಮಠಕ್ಕೆ ಹೋಗಿ ಮುನಿಮಹಾರಾಜರ ಮುಂದೆ ನೇಮ ಹಿಡಿದು ಬಂದು ನನಗೆ ಮಾತ್ರ ಗುಟ್ಟು ಹೇಳಿದರು.

"ಬೆಲ್ಲಾ ಬಿಟ್ಟೀನಿ ತಂಗಿ. ಒಬ್ಬಾಂವ ಮನಿಗೆ ಬರೂತನಕ ಅಂತ ಹೇಳೀನಿ. ಯಾರಂತ ಮಹಾರಾಜ್ರು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

"ಕತಿಯೊಳಗಿನವನ ಸಲುವಾಗಿ ಏನ್ರಿ ಕಾಕು?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗಬ್ಯಾಡ. ನೇಮ ನೇಮನ."

ಆರನೆಯ ಸಂಪುಟ ಕೈಗೆ ಬಂದಾಗ ನನಗೆ ಕೊಲ್ಹಾಪುರದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತ್ತು. ಎಂಟು ದಿನದಲ್ಲಿ ಹೊರಡಬೇಕು. ಹೊಸ ಬಟ್ಟೆ, ಹೊಸ ಚಪ್ಪಲಿ, ಹಾಸ್ಟೆಲಿನ ಕನಸು. ಕಾಕುವಿನ ಅಂಗಳದಲ್ಲಿ ಕೂರುವುದೇ ಬೇಸರವಾಗತೊಡಗಿತು. ಸುಳ್ಳೇಕೆ ಹೇಳಲಿ, ನಾನು ಆಗ ಭಾರೀ ಮೆರೆಯುತ್ತಿದ್ದೆ. ಹತ್ತು ಪುಟಕ್ಕೆ ಒಂದು ಪುಟ ಹೇಳುತ್ತ ಹೋದೆ. ಕೊನೆಯ ಯುದ್ಧಕ್ಕೆ ಬಂದೆವು. ಹಾವಿನ ಕಿರೀಟದವನು ತನ್ನ ತಮ್ಮನ ಕೈಯಿಂದಲೇ ಸತ್ತ. ಕುರುಡು ರಾಣಿ ಗೆದ್ದಳು, ಗೆದ್ದು ಗಾದಿ ಬೇಡ ಅಂದಳು. ಮಾಂತ್ರಿಕ ಕಲ್ಲಾದ. ಬೆಂಕಿಹಕ್ಕಿ ಸಮುದ್ರಕ್ಕೆ ಬಿತ್ತು. ಕೋಟೆಯ ಲಾಯಕ್ಕೆ ಬೆಂಕಿ ಹತ್ತಿ ಚಾವಣಿ ಕುಸಿಯಿತು. ಕುದುರೆಗಳನ್ನು ಬಿಚ್ಚಲು ನಮ್ಮವನು ಒಳಗೆ ಹೋಗಿದ್ದ...

ಇನ್ನೂ ತೊಂಬತ್ತು ಪುಟ ಉಳಿದಿತ್ತು. ಎಲ್ಲ ಆಯಿತಲ್ಲ, ಇನ್ನೇನು ಉಳಿದಿದ್ದೀತು ಎಂದುಕೊಂಡೆ. ಮರುದಿನ ಬೆಳಿಗ್ಗೆ ನನ್ನ ಬಸ್ಸು.

"ಮುಂದ? ಅಂವ ಹೊರಗ ಬಂದನೇನ?" ಕಾಕು ಮುಂದಕ್ಕೆ ಬಾಗಿದರು.

"ಇಲ್ರಿ. ಸತ್ತ. ಕತಿ ಮುಗೀತು." ಅಷ್ಟಕ್ಕೇ ಸುಮ್ಮನಿರದೆ ಜಾಣತನ ತೋರಿಸಿದೆ. "ನಿಮ್ಮ ನೇಮಾನೂ ಮುಗೀತು ನೋಡ್ರಿ. ನಾಳಿಂದ ಬೆಲ್ಲಾ ತಿನ್ರಿ."

ಕಾಕು ಮೆಲ್ಲಗೆ, "ಹೆಂಗ ಮುಗೀತದ? ಬರೂತನಕ ಅಂದೀನಿ, ಸಾಯೂತನಕ ಅಂದಿಲ್ಲ. ಅಂವ ಇನ್ನ ಬರಾಂವಲ್ಲ. ಅಂದ್ರ ನನ್ನ ನೇಮಾನೂ ನಾ ಇರೂತನಕ" ಅಂದರು. ಎಂದಿನಂತೆ ಪುಸ್ತಕಕ್ಕೆ ಕೈ ಚಾಚಿದರು. ನಾನು ಅಷ್ಟರಲ್ಲಿ ಅದನ್ನು ಚೀಲಕ್ಕೆ ತುರುಕಿಯಾಗಿತ್ತು. ಆ ಕೈ ಒಂದು ಗಳಿಗೆ ಹಾಗೇ ಇದ್ದು ಹಿಂದೆ ಹೋಯಿತು.

ಹಾಸ್ಟೆಲಿನಲ್ಲಿ, ಜ್ವರ ಬಂದು ಮಲಗಿದ ಒಂದು ಮಧ್ಯಾಹ್ನ, ಬೇರೆ ಓದಲಿಕ್ಕೆ ಸಿಗದೆ ಆ ತೊಂಬತ್ತು ಪುಟ ಓದಿದೆ. ಕುದುರೆಯವನು ಸತ್ತಿರಲಿಲ್ಲ. ಕೊನೆಯ ಪುಟ ಪೂರ್ತಿ ಅವನದೇ. ಸುಟ್ಟ ಕೈ, ಕುಂಟುವ ಒಂದು ಕುದುರೆ, ಊರಿನ ದಾರಿ. ಮೊದಲು ಕುದುರೆಗೆ ನೀರು ಕುಡಿಸಿ ಆಮೇಲೆ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ತಾಯಿ "ಯಾರು?" ಅನ್ನುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಆಗಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ದೀಪಾವಳಿಗೆ ಹೋದಾಗ ಹೇಳಿದರಾಯಿತು ಅಂದುಕೊಂಡೆ. ಹೋದಾಗ ಕಾಕು ಓಣಿಯವರಿಗೆಲ್ಲ ನಾನು ಪುಸ್ತಕ ಓದಿ ಹೇಳಿದ್ದನ್ನು ಹೊಗಳಿ ಇಟ್ಟಿದ್ದರು. ನಾಲಿಗೆ ಹೊರಳಲಿಲ್ಲ. ತವರಿನಿಂದ ಬಂದ ಪೆಂಟಿಯನ್ನು ಅವರು ಆ ವರ್ಷ ಮುಟ್ಟದೆ ನನ್ನ ಡಬ್ಬಿಗೆ ತುಂಬಿದರು. "ನಾ ತಿನ್ನಂಗಿಲ್ಲ, ನೀ ತಿನ್ನು. ಓದೂ ಹುಡುಗಿ." ಆ ಬೆಲ್ಲವನ್ನು ನಾನು ಹಾಸ್ಟೆಲಿನಲ್ಲಿ ಚಪಾತಿಯೊಳಗೆ ಸುತ್ತಿಕೊಂಡು ತಿಂದೆ. ಒಂದು ವರ್ಷವಲ್ಲ, ನಾಲ್ಕೂ ವರ್ಷ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಮುಚ್ಚಿಟ್ಟ ಮಾತು ಹಳತಾದಷ್ಟೂ ಬಾಯಿಗೆ ತರುವುದು ಕಷ್ಟ.

ಮದುವೆಯಾದ ಮೇಲೆ ಗಂಡನನ್ನು ಕರೆದುಕೊಂಡು ಹೋದೆ. ಕಾಕು ಆಗ ಹಾಸಿಗೆ ಹಿಡಿದಿರಲಿಲ್ಲ, ಆದರೆ ಬಹಳ ಸಣ್ಣಗಾಗಿದ್ದರು. ನನ್ನ ಗಂಡನ ಕೈ ಹಿಡಿದು ಕೂರಿಸಿಕೊಂಡರು.

"ನಿಮ್ಮ ಹೇಣ್ತಿ ನನಗ ಆರು ಪುಸ್ತಕ ಓದಿ ಹೇಳ್ಯಾಳ್ರಿ. ಒಂದಕ್ಷರ ಬಿಟ್ಟಿಲ್ಲ." ಆಮೇಲೆ ಮುಖವನ್ನು ನನ್ನ ಕಡೆ ತಿರುಗಿಸಿದರು. ಕಾಣದ ಕಣ್ಣುಗಳು ನೆಟ್ಟಗೆ ನನ್ನ ಮೇಲೆ ನಿಂತವು. "ಹೌದಿಲ್ಲ, ತಂಗಿ?"

"ಹೌದ್ರಿ ಕಾಕು" ಅಂದೆ.

"ಹ್ಞೂಂ" ಅಂದರು. ಸೊಸೆಯನ್ನು ಕೂಗಿ ನಮಗೆ ಚಹಾ ತರಿಸಿದರು.

ಎರಡು ವರ್ಷದ ಹಿಂದೆ ಕಾಕು ಹೋದರು. ನಾನು ಮೂರನೆಯ ದಿನ ಊರು ಮುಟ್ಟಿದೆ. ಅವರ ಸೊಸೆ, ನಾನು ವೈನಿ ಅನ್ನುವವರು, ಕಣ್ಣು ಒರೆಸಿಕೊಳ್ಳುತ್ತ ಹೇಳಿದರು. ಅವರ ಮಗ, ಅಂದರೆ ಕಾಕುವಿನ ಮೊಮ್ಮಗ, ಅದೇ ಕತೆ ಸೀರಿಯಲ್ ಆಗಿ ಬಂದದ್ದನ್ನು ಮೊಬೈಲಿನಲ್ಲಿ ಪೂರ್ತಿ ನೋಡಿದ್ದನಂತೆ. ಅಜ್ಜಿಗೆ ಕೊನೆ ಹೇಳಿದ್ದನಂತೆ, ಕುದುರೆಯವನು ಮನೆಗೆ ಬರುತ್ತಾನೆ ಎಂದು.

"ಯಾವಾಗ್ರಿ ವೈನಿ?"

"ನಿನ್ನ ಲಗ್ನಕ್ಕಿಂತ ಮೊದಲ. ಆ ನೇಮದ ಗುಟ್ಟು ಅವತ್ತ ನನಗೂ ಹೇಳಿದ್ರು. ನಾ ಅವತ್ತ ಬೆಲ್ಲಾ ತಂದು ಮುಂದ ಇಟ್ಟೆ, ಇನ್ನರ ತಿನ್ರಿ ಅತ್ತಿ, ನೇಮ ಮುಗೀತಲ್ಲ ಅಂತ. ಒಲ್ಲೆ ಅಂದ್ರು. 'ನನಗ ಓದಿ ಹೇಳ್ದಾಕಿ ಆಕಿ. ಆಕಿ ಬಾಯಿಂದ ಬರ್ಲಿ, ತಿಂತೀನಿ' ಅಂದ್ರು. ನೀ ಬಂದು ಹೋದಾಗೊಮ್ಮೆ ಕೇಳ್ತಿದ್ದೆ, ತರಲೇನ್ರಿ ಅಂತ. 'ಇವತ್ತ ಬ್ಯಾಡ, ಮುಂದಿನ ಸಲ ಬಂದಾಗ ಹೇಳ್ತಾಳ' ಅಂತಿದ್ರು."

ವೈನಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ನನ್ನ ಗಂಡನ ಮುಂದೆ ಕಾಕು ಕೇಳಿದ್ದು ಹೊಗಳಿಕೆಯಲ್ಲ, ನನಗಾಗಿ ತೆರೆದಿಟ್ಟ ಬಾಗಿಲು ಅಂತ ಆಗ ತಿಳಿಯಿತು. "ಇಲ್ರಿ, ಬಿಟ್ಟೀನಿ" ಅಂದಿದ್ದರೆ ಅಷ್ಟೇ ಸಾಕಿತ್ತು. ಶಿರೋಳಿಯ ಎರಕದ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡಿನ ಒಳಗೆ ಟೊಳ್ಳಿದೆಯೇ ಎಂದು ನೋಡುವುದು ನನ್ನ ಕೆಲಸ. ದಿನವೂ ನೋಡುತ್ತೇನೆ, ಸಂಬಳವೂ ಬರುತ್ತದೆ.

ಹೋದ ವಾರ ಬಸ್ಸಿಳಿದು ಪೇಟೆಗೆ ನಡೆದುಕೊಂಡು ಬಂದೆ. ಮೊದಲ ಅಂಗಡಿಯವನು ಎಲ್ಲ ಗಿರಾಕಿಗಳಿಗೆ ಕೊಡುವಂತೆ ಪೆಂಟಿಯಿಂದ ಒಂದು ಚೂರು ಒಡೆದು ರುಚಿ ನೋಡಲು ನನ್ನ ಅಂಗೈಗೆ ಇಟ್ಟ. ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಹಿಡಿದುಕೊಂಡು ನಿಂತೆ. ಅಂಗೈ ಬೆವರಿಗೆ ಅದು ಅಂಟತೊಡಗಿತು.

"ಅಂವ ಮನಿಗೆ ಬಂದಾನ್ರಿ ಕಾಕು" ಅಂದೆ.

ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಎಷ್ಟು ಕಿಲೋ ಎಂದು ಮರಾಠಿಯಲ್ಲಿ ಕೇಳಿದ.