ಸೋಮವಾರದ ಫಟಫಟಿ

ನಾನು ಜೀವಮಾನದಲ್ಲಿ ಸಾಕಿದ್ದು ಒಂದೇ ಮೋಟಾರ್ ಸೈಕಲ್. ಸಾಕುವುದು ಎನ್ನುವ ಮಾತು ನನ್ನದಲ್ಲ, ಅಪ್ಪನದು. ನಮ್ಮ ಕಡೆ ಅದನ್ನು ಯಾರೂ ಮೋಟಾರ್ ಸೈಕಲ್ ಅನ್ನುತ್ತಿರಲಿಲ್ಲ, ಫಟಫಟಿ ಅನ್ನುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಗಾವತಿಯ ಅಕ್ಕಿ ಗಿರಣಿಯವರೊಬ್ಬರು ಜೀಪು ಕೊಂಡ ಮೇಲೆ ತಮ್ಮ ಹಳೇ ಗಾಡಿಯನ್ನು ಕೊಡುತ್ತಾರೆಂದು ಕೇಳಿ ನಾನೇ ಹೋಗಿ ತಂದೆ. ವಿಲಾಯತಿಯಿಂದ ಹಡಗಿನಲ್ಲಿ ಬಂದದ್ದಂತೆ. ವಯಸ್ಸಿನಲ್ಲಿ ನನಗಿಂತ ದೊಡ್ಡದು.

ಅದನ್ನು ಚಾಲೂ ಮಾಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಪೆಟ್ರೋಲಿನ ನಲ್ಲಿ ತಿರುಗಿಸಬೇಕು. ಕಾರ್ಬುರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಒತ್ತಬೇಕು. ಎಡಗೈ ಬೆರಳಿನಿಂದ ಒಂದು ಪುಟ್ಟ ಲಿವರ್ ಹಿಡಿದು ಕಿಕ್ಕನ್ನು ಮೆಲ್ಲಗೆ ಕೆಳಗೆ ತರಬೇಕು. ದೀಪದ ಹಿಂದಿನ ಮೀಟರಿನ ಮುಳ್ಳು ನಡುವೆ ಬಂದು ನಿಂತಾಗ ಲಿವರ್ ಬಿಟ್ಟು ಮೈಭಾರವೆಲ್ಲ ಹಾಕಿ ಒಮ್ಮೆ ಒದೆಯಬೇಕು. ಸಮಾಧಾನದಿಂದ ಒದ್ದರೆ ಒಂದೇ ಒದೆತಕ್ಕೆ ಹತ್ತುತ್ತಿತ್ತು. ಸಿಟ್ಟಿನಲ್ಲಿ ಒದ್ದರೆ ತಿರುಗಿ ಒದೆಯುತ್ತಿತ್ತು. ಇದಕ್ಕೆ ಮನುಷ್ಯನ ಸಿಟ್ಟು ಗೊತ್ತಾಗುತ್ತದೆ ಎಂದು ಕೊಪ್ಪಳದ ಮಿಸ್ತ್ರಿ ಹೇಳಿದಾಗ ನಾನು ನಕ್ಕಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಹಾಗಾಗಿ ಬಲಗಾಲಿನ ಮೀನಖಂಡದ ಮೇಲೆ ಯಾವಾಗಲೂ ಒಂದು ಕಂದಿದ ಕಲೆ ಇರುತ್ತಿತ್ತು.

ನಮ್ಮ ಊರು ಕುಕನೂರಿಗೂ ಯಲಬುರ್ಗಿಗೂ ನಡುವೆ, ಕುಕನೂರಿಗೆ ಎರಡು ಹರದಾರಿ, ಅಂದರೆ ಆರು ಮೈಲಿ. ನಾನು ಯಲಬುರ್ಗಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಕೆಲಸದ ಮೇಲೆ ಕುಷ್ಟಗಿಗೂ ಹೋಗುತ್ತಿದ್ದೆ, ರಜೆ ಸಿಕ್ಕರೆ ಸಾಣಾಪುರದ ಕೆರೆಯ ತನಕವೂ ಹೋಗಿ ಬರುತ್ತಿದ್ದೆ. ಆ ಗಾಡಿಯ ಮೇಲೆ ಕೂತಾಗ ನಾನು ಗುಮಾಸ್ತ ಎನ್ನುವುದು ಮರೆತುಹೋಗುತ್ತಿತ್ತು. ಬೇರೆ ಯಾವುದರಿಂದಲೂ ನನಗೆ ಅಷ್ಟು ಖುಷಿ ಸಿಕ್ಕಿಲ್ಲ.

ಮನೆಯಲ್ಲಿ ಅದಕ್ಕೆ ಜಾಗ ಕೊಟ್ಟದ್ದು ಅಪ್ಪ. ತಲೆಬಾಗಿಲು ದಾಟಿದರೆ ದನ ಕಟ್ಟುವ ಅಂಕಣ, ಅಲ್ಲಿ ಎರಡು ಎತ್ತು, ಅವುಗಳ ಪಕ್ಕಕ್ಕೆ ಇದು. ಎತ್ತುಗಳ ಸಾಲಿನಲ್ಲಿ ನಿಂತ ಮೇಲೆ ಎತ್ತಿನ ರಿವಾಜೆಲ್ಲ ಅದಕ್ಕೂ ಬಂತು. ಕಾರಹುಣ್ಣಿಮೆಗೆ ಕೊಂಬಿಗೆ ಬಳಿದು ಉಳಿದ ಹುರಮಂಜನ್ನು ಅಪ್ಪ ಫಟಫಟಿಯ ಹಿಡಿಕೆಗಳಿಗೆ ಬಳಿದ. ವಾರದ ತನಕ ನನ್ನ ಅಂಗೈ ಕೆಂಪಗಿದ್ದು ಕಚೇರಿಯಲ್ಲಿ ನಗೆಪಾಟಲಾದೆ. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಸೋಮವಾರ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ದಿನ ಫಟಫಟಿಯನ್ನೂ ಹೊರಗೆ ತೆಗೆಯಬಾರದು ಎಂದು ಅಪ್ಪ ಹೇಳಿದ. ಇದು ಕಬ್ಬಿಣ, ಇದಕ್ಕೆ ಹೆಗಲೆಲ್ಲಿದೆ ಎಂದು ಕೇಳಿದೆ.

"ಹೆಗಲ ಇಲ್ಲದಿದ್ರ ಏನಾತು, ದುಡಿತೈತಿಲ್ಲ? ದುಡಿಯೋದಕ್ಕ ಒಂದಿನ ಬಿಡುವು ಬೇಕು" ಎಂದ.

ಅಪ್ಪ ಅದರ ಮೇಲೆ ಒಮ್ಮೆಯೂ ಕೂತವನಲ್ಲ. ಹೇಮಗುಡ್ಡದ ದೇವಿಗೆ ಹೋಗಿ ಬರೋಣ ಬಾ ಎಂದು ಎಷ್ಟು ಸಲ ಕರೆದರೂ, ಕಾಲು ಗಟ್ಟಿ ಇರುವಾಗ ಅದರ ಮೇಲೆ ಸುಮ್ಮನೆ ಭಾರ ಯಾಕೆ ಎನ್ನುತ್ತಿದ್ದ. ನಾನು ಪ್ರತಿ ಸೋಮವಾರ ಬಸ್ಸಿಗೆ ಹೋಗತೊಡಗಿದೆ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಸೋಮವಾರ ಬಸ್ಸು ಬರಲೇ ಇಲ್ಲ. ಮಧ್ಯಾಹ್ನ ಕಚೇರಿ ಮುಟ್ಟಿದಾಗ ಸಾಹೇಬರು ಎಲ್ಲರೆದುರು ನನ್ನ ಮಾನ ತೆಗೆದರು. ಫಟಫಟಿ ಇದ್ದೂ ತಡವೇಕೆ ಎಂದು ಕೇಳಿದರೆ ಅದಕ್ಕೆ ರಜೆ ಎಂದು ಹೇಗೆ ಹೇಳುವುದು? ಆ ಅವಮಾನವನ್ನು ವಾರವಿಡೀ ಮೆಲುಕು ಹಾಕಿದೆ.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಬಸ್ಸಿಗಾಗಿ ತಯಾರಾಗಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಬಿಡುವಿನ ದಿನವೆಂದು ಅಪ್ಪ ನಸುಕಿನಲ್ಲೇ ಎತ್ತುಗಳನ್ನು ಮೇಯಲು ಬಿಟ್ಟಿದ್ದ. ಅವುಗಳಲ್ಲಿ ಒಂದು ಮಂಜು ಕೂತ ಹಸಿ ಹೆಸರಿನ ಹೊಲಕ್ಕೆ ನುಗ್ಗಿ ಹೊಟ್ಟೆ ಬಿರಿಯೆ ತಿಂದಿತ್ತು. ಮನೆಗೆ ತರುವಷ್ಟರಲ್ಲಿ ಎಡಪಕ್ಕೆ ಡೊಳ್ಳಿನಂತೆ ಉಬ್ಬಿತ್ತು. ಅಪ್ಪ ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಕುಡಿಸಿದ, ಬಾಯಿಗೆ ಅಡ್ಡ ಕಟ್ಟಿಗೆ ಕಟ್ಟಿದ. ಎತ್ತು ಮೊಣಕಾಲೂರಿ ಕೂತಿತು. ದನದ ಡಾಕ್ಟರು ಇದ್ದದ್ದು ಕುಕನೂರಿನಲ್ಲಿ, ಆ ಕಡೆಯ ಬಸ್ಸು ಇದ್ದದ್ದು ಮಧ್ಯಾಹ್ನಕ್ಕೆ. ಅಪ್ಪ ಹೊರಗೆ ಬಂದು ನನ್ನ ಮುಂದೆ ನಿಂತ. ಏನು ಕೇಳಲು ಬಂದಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಇವತ್ತ ಸೋಮವಾರ ಐತಿ. ಫಟಫಟಿ ದುಡಿಯಂಗಿಲ್ಲ" ಎಂದೆ.

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕುಕನೂರಿನ ದಾರಿ ಹಿಡಿದ. ಅವ್ವ ಒಳಗೆ ಎತ್ತಿನ ಹೊಟ್ಟೆ ತಿಕ್ಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಹಾಗೇ ಕೂತೆ, ಒಳಗೊಳಗೇ ಗೆದ್ದೆ ಎಂದುಕೊಂಡು ಅರ್ಧ ತಾಸು ಕೂತೆ. ಯಲಬುರ್ಗಿಯ ಬಸ್ಸು ಆ ದಿನ ಸರಿಯಾದ ಹೊತ್ತಿಗೆ ಬಂದು ಮನೆಯೆದುರಿನ ರಸ್ತೆಯಲ್ಲಿ ನಿಂತಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಮನೆಯೊಳಗಿನಿಂದ ಎತ್ತು ನರಳಿದ್ದು ಕೇಳಿಸಿತು. ಕಾಲು ಕೆಳಗಿಟ್ಟು ಮನೆಗೆ ಓಡಿದೆ.

ಅವಸರಕ್ಕೆ ಕ್ರಮ ತಪ್ಪಿತು. ಮೀಟರಿನ ಮುಳ್ಳನ್ನೂ ನೋಡದೆ ಒದ್ದೆ, ಕಿಕ್ಕು ತಿರುಗಿ ಕಾಲಿಗೆ ಬಡಿಯಿತು. ಮತ್ತೆ ಒದ್ದೆ, ಮತ್ತೆ ಬಡಿಯಿತು. ಕಡೆಗೆ ಪ್ಲಗ್ ಬಿಚ್ಚಿ, ಒರೆಸಿ, ಹಾಕಿ ಮೊದಲಿನಿಂದ ಶುರು ಮಾಡಿದ ಮೇಲೆ ಹತ್ತಿತು. ಅಪ್ಪ ಅರ್ಧ ದಾರಿಯ ಹತ್ತಿರಕ್ಕೆ ಹೋಗಿದ್ದ. ಗಾಡಿ ನಿಲ್ಲಿಸಿದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹಿಂದೆ ಕೂತ. ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲೆ ಇಟ್ಟ. ಎಷ್ಟೋ ಸಲ ಕರೆದಾಗ ಬಾರದವನು ಹೀಗೆ ಕೂತದ್ದಕ್ಕೆ ನನಗೆ ಬಹಳ ಸಂಕಟವಾಯಿತು.

ಡಾಕ್ಟರು ದವಾಖಾನೆಯಲ್ಲೇ ಇದ್ದರು. ಮೂವರಿಗೆ ಜಾಗವಿರಲಿಲ್ಲ. ಅಪ್ಪ ಅವರನ್ನು ಕೂರಿಸಿ, ತಾನು ನಡೆದು ಬರುತ್ತೇನೆಂದು ಹಿಂದೆ ಉಳಿದ. ನಾವು ಮನೆ ಮುಟ್ಟಿದಾಗ ಎತ್ತಿನ ತಲೆ ಅವ್ವನ ತೊಡೆಯ ಮೇಲಿತ್ತು, ಉಸಿರು ಆಗಷ್ಟೇ ನಿಂತಿತ್ತು. ಡಾಕ್ಟರು ಮೈ ಮುಟ್ಟಿ ನೋಡಿ, ಇನ್ನೂ ಬೆಚ್ಚಗಿದೆ, ಒಂದು ಅರ್ಧ ತಾಸು ಮೊದಲು ಬಂದಿದ್ದರೆ ಸೂಜಿ ಚುಚ್ಚಿ ಗಾಳಿ ಬಿಡಬಹುದಿತ್ತು ಎಂದರು. ಅವರು ಸುಮ್ಮನೆ ಹೇಳಿದ ಮಾತು. ಅದು ಯಾವ ಅರ್ಧ ತಾಸು ಎಂದು ನನಗೂ ಅವ್ವನಿಗೂ ಗೊತ್ತಿತ್ತು. ಅವ್ವ ತಲೆ ಎತ್ತಲಿಲ್ಲ.

ಡಾಕ್ಟರನ್ನು ತಿರುಗಿ ಬಿಡಲು ಹೋಗುವಾಗ ದಾರಿಯಲ್ಲಿ ಅಪ್ಪ ಎದುರಾದ. ಇಷ್ಟು ಬೇಗ ತಿರುಗಿ ಬರುತ್ತಿರುವ ಡಾಕ್ಟರನ್ನು ನೋಡಿಯೇ ಅವನಿಗೆ ತಿಳಿಯಿತು. ರಸ್ತೆಯ ಬದಿಗೆ ಸರಿದು, ನಿಲ್ಲಿಸಬೇಡ, ಹೋಗು ಎಂದು ಕೈ ಮಾಡಿದ. ಡಾಕ್ಟರನ್ನು ಇಳಿಸಿ ಬಂದಾಗ ಇನ್ನೂ ನಡೆಯುತ್ತಲೇ ಇದ್ದ. ಪಕ್ಕಕ್ಕೆ ನಿಲ್ಲಿಸಿ, ಹತ್ತು ಎಂದೆ.

"ಇನ್ನೇನ ಅವಸರ ಐತಿ ತಮ್ಮಾ. ಅದನ್ಯಾಕ ಸುಮ್ನ ದುಡಸ್ತಿ?"

ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಎಂಜಿನ್ ಬಂದ್ ಮಾಡಿ ಕೆಳಗಿಳಿದು ನೂಕತೊಡಗಿದೆ. ಹರದಾರಿಗಿಂತ ಹೆಚ್ಚು ದಾರಿ ಉಳಿದಿತ್ತು. ಭಾರದ ಗಾಡಿ, ಸಮ ನೆಲದಲ್ಲೂ ಬೆವರಿಳಿಯುತ್ತಿತ್ತು. ದಿಬ್ಬ ಬಂದಾಗ ಅಪ್ಪ ಹಿಂದೆ ಹೋಗಿ ಸೀಟಿಗೆ ಕೈ ಕೊಟ್ಟ. ನಾನು ಅರ್ಧ ತಾಸು ಕಟ್ಟೆಯ ಮೇಲೆ ಕೂತಿದ್ದನ್ನು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಆಮೇಲೆಯೂ ಹೇಳಲಿಲ್ಲ. ಅವ್ವ ಹೇಳಿದಳೋ ಇಲ್ಲವೋ, ಅವನು ತೀರಿಕೊಳ್ಳುವ ತನಕ ನನಗೆ ತಿಳಿಯಲಿಲ್ಲ.

ಊರು ಹತ್ತಿರ ಬಂದಾಗ ಸೈಕಲ್ಲಿನಲ್ಲಿ ಎದುರು ಬಂದ ಪರಿಚಯದವನೊಬ್ಬ ಇಳಿದು, ಪೆಟ್ರೋಲ್ ಮುಗಿಯಿತೇ, ಏನಾದರೂ ಮುರಿಯಿತೇ ಎಂದು ಕೇಳಿದ. ಅಪ್ಪ ಸೀಟಿನಿಂದ ಕೈ ತೆಗೆಯದೆ ಹೇಳಿದ:

"ಏನೂ ಆಗಿಲ್ಲಪಾ. ಇವತ್ತ ಸೋಮವಾರ ಐತಿ."