ಪಡಸಾಲೆಯಲ್ಲಿ ಓದದೆ ಬಿಟ್ಟ ಎರಡು ಸಾಲು

ಕಾಗದ ಹಳದಿಯಿತ್ತೋ ಗುಲಾಬಿಯಿತ್ತೋ, ಖಾತ್ರಿಯಿಲ್ಲ. ಏಳು ವರ್ಷದಲ್ಲಿ ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಂಡಿರಬಹುದು. ಆದರೆ ಅದರೊಳಗಿನ ಎರಡು ಸಾಲನ್ನು ನಾನು ಬೇಕಂತಲೇ ನುಂಗಿದೆ — ಇದರಲ್ಲಿ ಅನುಮಾನವಿಲ್ಲ.

ನವಲಗುಂದದ ನಮ್ಮ ಮನೆಯಲ್ಲಿ ಯಾವ ಕಾಗದ ಬಂದರೂ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಎಂ.ಎ. ಮಾಡಿದವಳೆಂದು ಆ ಪಟ್ಟ ನನ್ನದು. ಅಂದು ಅಣ್ಣನ ಮಗಳು ಭಾಗ್ಯಾ ಶಾಲೆಯಿಂದ ಲಸಿಕೆ ಶಿಬಿರದ ಕಾಗದ ತಂದಿದ್ದಳು. ಅವಳಿಗಾಗ ಹನ್ನೆರಡು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಾಣು ದೈಹಿಕ ಸಂಬಂಧದಿಂದ ಹರಡುತ್ತದೆ, ಅದಕ್ಕೆ ಮೊದಲೇ, ಒಂಬತ್ತರಿಂದ ಹದಿನಾಲ್ಕರೊಳಗೆ, ಲಸಿಕೆ ಹಾಕಿಸುವುದು ಉತ್ತಮ — ಕಣ್ಣು ಓದಿತು, ನಾಲಿಗೆ ಏಳಲಿಲ್ಲ. ಎದುರಿಗೆ ಕಾಕಾ, ಅಪ್ಪನ ತಮ್ಮ, ಶೇಂಗಾ ಸುಲಿಯುತ್ತ ಕೂತಿದ್ದರು.

"ಏನ್ ಬರದಾರ, ಓದವಾ." ಎಂದರು ವೈನಿ, ಭಾಗ್ಯಾಳ ತಾಯಿ.

"ಇದು... ಲಗ್ನ ಆದವರಿಗೆ, ವೈನಿ. ಇಕಿಗೆ ಈಗ ಬ್ಯಾಡ."

ಅವರು ನಂಬಿದರು. ಕಲಿತವಳು ಹೇಳಿದ್ದಳಲ್ಲ! ಶಿಬಿರ ಮುಗಿದೇಹೋಯಿತು. ಆಮೇಲೆ ಹೇಳಬಹುದಿತ್ತು, ಅಡುಗೆಮನೆಯಲ್ಲಿ, ಕಿವಿಯಲ್ಲಿ — ಹೇಳಲಿಲ್ಲ.

ಕಳೆದ ತಿಂಗಳು, ಭಾಗ್ಯಾಳ ಲಗ್ನದ ಮಾತು ಎದ್ದ ದಿನ, ಆ ಎರಡು ಸಾಲು ನೆನಪಾದವು. ಅವಳನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನವೇ ಹುಬ್ಬಳ್ಳಿ ಬಸ್ಸು ಹತ್ತಿದೆವು. ಡಾಕ್ಟರು ಹೇಳಿದರು: ಇಪ್ಪತ್ತಾರರ ತನಕ ಹಾಕಿಸಬಹುದು, ಆದರೆ ಆಗಲೇ ಹಾಕಿಸಿದ್ದರೆ ಎರಡು ಚುಚ್ಚು ಸಾಕಿತ್ತು, ಈಗ ಮೂರು ಬೇಕು.

"ನಿನ್ನ ನಾಚಿಕಿ ಸಲುವಾಗಿ ನನ್ನ ರಟ್ಟಿಗೆ ಒಂದ್ ಚುಚ್ಚು ಜಾಸ್ತಿ ಆತ್ ನೋಡ, ಅತ್ತಿ!" ಎಂದಳು ಭಾಗ್ಯಾ, ಮೊದಲನೆಯದನ್ನು ಹಾಕಿಸಿಕೊಂಡು ತೋಳು ಒತ್ತಿಕೊಳ್ಳುತ್ತ. "ದಂಡಕ್ಕ ಗಿರ್ಮಿಟ್ ಕೊಡಸು. ಎರಡ್ ಪ್ಲೇಟು!"

ಕೊಡಿಸಿದೆ. ಮಂಡಕ್ಕಿಯ ಜೊತೆ ಕೊಟ್ಟ ಮೆಣಸಿನಕಾಯಿ ಕಚ್ಚಿ ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಆದರೂ — ನನ್ನ ತಪ್ಪು ಒಂದು ಹೆಚ್ಚಿನ ಚುಚ್ಚಿನಲ್ಲಿ ತೀರಿದ್ದರೆ ಅದು ಅವಳ ಪುಣ್ಯ. ನನ್ನಿಂದ ತೀರಿದ್ದಲ್ಲ.

ಮನೆಗೆ ಬಂದು ಡಾಕ್ಟರು ಕೊಟ್ಟ ಕಾಗದವನ್ನು ಪಡಸಾಲೆಯಲ್ಲೇ, ಒಂದಕ್ಷರ ಬಿಡದೆ ಓದಿದೆ. ವೈನಿಯ ವಯಸ್ಸಿನವರು ತಪಾಸಣೆ ಮಾಡಿಸಿಕೊಳ್ಳಬೇಕೆಂಬುದನ್ನೂ. ಕಾಕಾ ಏಳಲಿಲ್ಲ, ಶೇಂಗಾ ಸುಲಿಯುತ್ತ ಪೂರ್ತಿ ಕೇಳಿದರು. ಕೊನೆಗೆ ನಾನು ಕೇಳಿದ ಪ್ರಶ್ನೆಗೆ ಮಾತ್ರ ಒಂದು ಹಿಡಿ ಕಾಳನ್ನು ನನ್ನ ಕೈಗೆ ಹಾಕಿ ಮುಂದಿನ ಕಾಯಿ ಸುಲಿಯತೊಡಗಿದರು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಅವತ್ತ ನಾ ಪೂರಾ ಓದಿದ್ರ ನೀವು ಎದ್ದ ಹೋಗತಿದ್ರೋ, ಹಿಂಗ ಕುಂತ ಕೇಳತಿದ್ರೋ?"