ಪಾದ್ರಿಯಮ್ಮ ಘಾಟಿ ದಾಟಿ ಬರುವತನಕ

ಇಲ್ಡಿಕೊ ಹಂಗೇರಿಯ ಸೆಗೆಡ್ ಊರಿನವಳು. ಐಸ್‌ಲ್ಯಾಂಡಿನ ಪೂರ್ವ ತೀರದಲ್ಲಿರುವ ನಮ್ಮ ಮೀನುಗಾರರ ಹಳ್ಳಿಗೆ ಒಂದು ವರ್ಷದ ಮಟ್ಟಿಗೆಂದು ಬಂದಳು. ಮಕ್ಕಳಿಗೆ ಸಂಗೀತ ಕಲಿಸುವುದು, ಚರ್ಚಿನಲ್ಲಿ ಆರ್ಗನ್ ನುಡಿಸುವುದು ಅವಳ ಕೆಲಸ. ನಾನು ಊರಿನ ಬಿಸಿನೀರಿನ ಈಜುಕೊಳ ನೋಡಿಕೊಳ್ಳುವವಳು. ಅವಳ ಗಾಯಕರ ತಂಡದಲ್ಲೂ ಇದ್ದೆ.

ಚಳಿಗೆ ಅವಳು ಹೆದರಿದವಳಲ್ಲ. ಅವಳ ತಕರಾರೇ ಬೇರೆ.

“ನಮ್ಮಲ್ಲಿ ಚಳಿಗಾಲ ಬಂದ್ರೆ ಒಂದ್ಕಡೆ ಕೂರತ್ತೆ, ಮಾರ್ಚ್‌ನಲ್ಲಿ ಎದ್ದು ಹೋಗತ್ತೆ. ನಿಮ್ಮದು ಕೂರೋದೇ ಇಲ್ವಲ್ಲ?”

ಜನವರಿಯಲ್ಲಿ ಬೆಚ್ಚನೆಯ ಗಾಳಿ ಬೀಸಿ, ಮಳೆ ಸುರಿದು, ಹಿಮವೆಲ್ಲ ಕರಗಿ ಹುಲ್ಲು ಕಂಡಿತು. ವಸಂತ ಬಂತೆಂದು ಅವಳು ದಪ್ಪ ಬೂಟುಗಳನ್ನು ಒಳಗಿಟ್ಟಳು. ಮರುದಿನ ರಸ್ತೆಯೆಲ್ಲ ಗಾಜಿನಂತೆ ಹೆಪ್ಪುಗಟ್ಟಿತ್ತು. ಈಜುಕೊಳಕ್ಕೆ ಬಂದವಳ ಕೋಟಿನ ಹಿಂಭಾಗ ಪೂರ್ತಿ ಒದ್ದೆ.

“ನಡ್ಕೊಂಡು ಬಂದ್ಯಾ?” ಎಂದೆ.

“ಅರ್ಧ ದಾರಿ. ಉಳಿದಿದ್ದು ಕೂತ್ಕೊಂಡೇ ಬಂದೆ.”

ಅಂದಿನಿಂದ ಕಂಡಕಂಡವರನ್ನೆಲ್ಲ ನಾಳೆ ಹೇಗಿರುತ್ತದೆಂದು ಕೇಳತೊಡಗಿದಳು. ಅಂಗಡಿಯವಳು “ಗೊತ್ತಾಗತ್ತೆ” ಎನ್ನುತ್ತಿದ್ದಳು. ದೋಣಿ ಬಿಟ್ಟು ಮನೆಯಲ್ಲಿ ಕೂತಿದ್ದ ಮುದುಕ ಆಸ್ಮುಂಡುರ್ ತನ್ನ ಮಂಡಿ ಮುಟ್ಟಿ ನೋಡಿಕೊಂಡು “ಬಿಸಿಲು” ಎಂದ. ಮಾರನೆಯ ದಿನ ಆಲಿಕಲ್ಲು ಬಿತ್ತು. ಇಲ್ಡಿಕೊ ನೇರ ಅವನ ಮನೆಗೆ ಹೋದಳು.

“ನಿನ್ನ ಮಂಡಿ ಸುಳ್ಳು ಹೇಳ್ತು.”

“ಅದಕ್ಕೂ ವಯಸ್ಸಾಯ್ತು ಮಗಳೇ. ಇನ್ನೊಂದು ಮಂಡೀನ ಕೇಳ್ಬೇಕಿತ್ತು.”

ಫೆಬ್ರುವರಿಯ ಒಂದು ಶನಿವಾರ ನಮ್ಮೂರಿನ ಹುಡುಗಿ ಆಲ್ಫ್ರೂನ್ ಮತ್ತು ಥೋರ್ಕೆಲ್‌ರ ಮದುವೆ. ಬೆಳಿಗ್ಗೆ ಎಲೆ ಅಲುಗದಷ್ಟು ಶಾಂತ, ಒಳ್ಳೆಯ ಬಿಸಿಲು. ಇಲ್ಡಿಕೊ ತೆಳ್ಳನೆಯ ಚಪ್ಪಲಿಯಲ್ಲೇ ಚರ್ಚಿಗೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಸೇರಿದೆವು, ಪಾದ್ರಿಯಮ್ಮ ಹಾಲ್ವೇಗ್ ಒಬ್ಬಳನ್ನು ಬಿಟ್ಟು. ಅವಳ ಮನೆ ಘಾಟಿಯ ಆಚೆ. ಫೋನು ಬಂತು: ಮೇಲೆ ಹಿಮದ ಬಿರುಗಾಳಿ, ಕೈಚಾಚಿದರೆ ಕೈ ಕಾಣದು, ರಸ್ತೆ ಮುಚ್ಚಿದ್ದಾರೆ.

“ಇಲ್ಲಿ ಬಿಸಿಲಿದೆಯಲ್ಲ?” ಎಂದು ಇಲ್ಡಿಕೊ ಕಿಟಕಿಗೆ ಓಡಿದಳು. ಅಷ್ಟರಲ್ಲಿ ಅದೂ ಹೋಗಿತ್ತು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.

“ಹಾಗಾದ್ರೆ ಮದುವೆ?”

“ಆಗತ್ತೆ,” ಎಂದಳು ಮದುಮಗಳು. “ಇವತ್ತೋ, ನಾಳೆಯೋ. ಹುಡುಗ ಇಲ್ಲೇ ಇದಾನಲ್ಲ, ಎಲ್ಲಿಗೆ ಓಡ್ತಾನೆ? ಹೊಟ್ಟೆ ಹಸೀತಿದೆ, ಸೂಪ್ ಬಡಿಸಿ.”

ಮದುವೆಗೆ ಮುಂಚೆಯೇ ಮದುವೆಯೂಟ ಮುಗಿಯಿತು. ಕುರಿಮಾಂಸದ ಸೂಪ್ ಖಾಲಿಯಾಯಿತು, ಕೇಕನ್ನೂ ಕತ್ತರಿಸಿದರು. ಇಲ್ಡಿಕೊ ಮಾತ್ರ ಒಂದು ತುತ್ತೂ ಮುಟ್ಟದೆ ಆರ್ಗನ್ನಿನ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಇಷ್ಟು ದೊಡ್ಡ ದಿನ ಕೆಟ್ಟುಹೋದರೂ ಯಾರಿಗೂ ಬೇಜಾರಿಲ್ಲದ್ದು ಅವಳಿಗೆ ಅರ್ಥವಾಗಲಿಲ್ಲ.

ಆಸ್ಮುಂಡುರ್ ಅವಳ ಪಕ್ಕಕ್ಕೆ ತಟ್ಟೆ ತಂದಿಟ್ಟ. “ಸುಮ್ನೆ ಕೂತ್ರೆ ಪಾದ್ರಿಯಮ್ಮ ಬೇಗ ಬರ್ತಾಳಾ? ಏನಾದ್ರೂ ನುಡ್ಸು.”

ಅವಳು ನುಡಿಸಿದಳು. ಮದುವೆಗೆಂದು ಕಲಿತಿದ್ದೆಲ್ಲ ಮುಗಿದ ಮೇಲೆ ಮಕ್ಕಳ ಪಾಠದ ಹಾಡುಗಳು, ಅವೂ ಮುಗಿದ ಮೇಲೆ ತನ್ನೂರಿನ ಕುಣಿತದ ಹಾಡುಗಳು. ನಿಧಾನವಾಗಿ ಶುರುವಾಗಿ ಓಡತೊಡಗುವ ಹಾಡುಗಳವು. ಮದುಮಗಳು ಮಾವನಾಗಲಿದ್ದವನ ಕೈಹಿಡಿದು ಬೆಂಚುಗಳ ನಡುವೆ ಕುಣಿದಳು. ಆರು ತಿಂಗಳಿಂದ ಜೊತೆಯಲ್ಲಿ ಹಾಡಿದ್ದೆವು; ಈ ಇಲ್ಡಿಕೊಳನ್ನು ನಾವು ಕಂಡಿರಲಿಲ್ಲ. ಕಾಲು ಒದರಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಆರ್ಗನ್ನಿನ ಪೆಡಲುಗಳನ್ನು ತುಳಿಯುತ್ತಿದ್ದಳು.

ಕತ್ತಲಾಗುವಾಗ ಹಿಮ ಸರಿಸುವ ಯಂತ್ರದ ಸದ್ದು ಕೇಳಿತು. ಅದರ ಚಾಲಕನ ಪಕ್ಕದಿಂದ ಪಾದ್ರಿಯಮ್ಮ ಇಳಿದಳು. ಹುಬ್ಬಿನ ಮೇಲೆಲ್ಲ ಹಿಮ.

“ನಾನಿಲ್ದೇನೇ ಮುಗಿಸ್ಬಿಟ್ರಾ?”

“ಊಟ ಮಾತ್ರ,” ಎಂದ ಥೋರ್ಕೆಲ್.

ಮದುವೆಯಾಯಿತು. ಹೊರಗೆ ಬಂದರೆ ಗಾಳಿಯೇ ಇಲ್ಲ, ಬೆಟ್ಟದ ಮೇಲೆ ನಕ್ಷತ್ರ. ಇಲ್ಡಿಕೊ ನನ್ನ ಬೂಟು ಎರವಲು ಪಡೆದು, ಆಸ್ಮುಂಡುರ್‌ನ ತೋಳು ಹಿಡಿದು ಇಳಿಜಾರಿನಲ್ಲಿ ನಡೆಯುತ್ತಿದ್ದಳು.

“ಒಂದು ಕೇಳ್ಲಾ? ಇಂಥಾ ಕಡೆ ನಿಮ್ಮ ಹಿರಿಯರು ಬಂದು ಯಾಕೆ ನೆಲೆ ನಿಂತ್ರು?”

ಮುದುಕ ಹೇಳಿದ, “ವಾಪಸ್ ಹೋಗೋಕೆ ಒಳ್ಳೆ ದಿನ ಬರ್ಲಿ ಅಂತ ಕಾಯ್ತಾ ಇದ್ರೇನೋ.”

ಒಂದು ವರ್ಷಕ್ಕೆಂದು ಬಂದ ಇಲ್ಡಿಕೊಗೆ ಈಗ ನಡೆಯುತ್ತಿರುವುದು ಇಲ್ಲಿನ ಹನ್ನೊಂದನೆಯ ಚಳಿಗಾಲ.